ಕೇಳುವವರಿಗೆ ಉತ್ತರ ಕೊಡುವುದು ಹೇಗೆ: ಪತ್ರ ಬರಹಗಾರನೊಬ್ಬನ ಮಾತು

ಕೋಲಾರದ ನೋಂದಣಿ ಕಚೇರಿ ಎದುರು ಪತ್ರ ಬರೆಯಲು ಕೂತು ಮೂವತ್ತೊಂದು ವರ್ಷವಾಯಿತು. ಕ್ರಯ, ದಾನ, ವಿಭಾಗ, ಉಯಿಲು ಎಲ್ಲ ಬರೆದಿದ್ದೇನೆ. ಮೊದಲು ಕೈಬರಹ, ಆಮೇಲೆ ಟೈಪ್ ಮೆಷಿನ್, ಈಗ ಕಂಪ್ಯೂಟರ್. ಭಾನುವಾರ ಮೆಥೊಡಿಸ್ಟ್ ಸಭೆಗೆ, ಅಂದರೆ ಚರ್ಚಿಗೆ, ಹೋಗುತ್ತೇನೆ. ಶನಿವಾರ ಸಂಜೆ ನಮ್ಮ ಮನೆ ಜಗಲಿಯ ಮೇಲೆ ಏಳೆಂಟು ಹುಡುಗ ಹುಡುಗಿಯರು ಸೇರುತ್ತಾರೆ. ಕಾಲೇಜಿನವರು, ಫ್ಯಾಕ್ಟರಿಯವರು, ಬೆಂಗಳೂರಿಗೆ ದಿನಾ ರೈಲು ಹತ್ತಿ ಇಳಿಯುವವರು. ಅವರ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಪ್ರಶ್ನೆ ಬಂದಿದ್ದರೆ ಉಪಯೋಗಕ್ಕೆ ಬರಬಹುದು.

ಇದೆಲ್ಲ ಶುರುವಾದದ್ದು ನನ್ನ ತಂಗಿಯ ಮಗನಿಂದ. ಅವನು ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುತ್ತಾನೆ. ಒಂದು ದಿನ ರಾತ್ರಿ ಪಾಳಿ ಮುಗಿಸಿ ಮನೆಗೂ ಹೋಗದೆ ನೇರ ನಮ್ಮಲ್ಲಿಗೆ ಬಂದ. ಕಣ್ಣು ಕೆಂಪಾಗಿತ್ತು. ಫೋನು ಮುಂದೆ ಹಿಡಿದು, "ಮಾವ, ಬೈಬಲ್ಲನ್ನ 325ರಲ್ಲಿ ಒಬ್ಬ ರೋಮ್ ಚಕ್ರವರ್ತಿ ಮಾಡಿಸಿದ್ದಂತೆ. ಅದಕ್ಕೆ ಮುಂಚೆ ಯೇಸುನ ಯಾರೂ ದೇವರು ಅಂತಿರಲಿಲ್ಲವಂತೆ. ಹೌದಾ?" ಅಂದ. ನನಗಿಂತ ಮುಂಚೆ ಒಬ್ಬ ಬೋಧಕರನ್ನು ಕೇಳಿದ್ದನಂತೆ. ಅವರು, "ಇಂಥ ಪ್ರಶ್ನೆ ಸೈತಾನ ಹಾಕಿಸೋದು, ಪ್ರಾರ್ಥನೆ ಜಾಸ್ತಿ ಮಾಡು" ಅಂದು ಕಳಿಸಿದ್ದರು. ಆ ಹುಡುಗ ಎರಡು ತಿಂಗಳು ಒಳಗೊಳಗೇ ಕೊರಗಿದ್ದಾನೆ.

ಮೊದಲು ಇದನ್ನು ಮನಸ್ಸಿಗೆ ತಂದುಕೊಳ್ಳಿ: ಪ್ರಶ್ನೆ ಕೇಳುವುದು ಪಾಪವಲ್ಲ. ಪೇತ್ರನ ಮೊದಲ ಪತ್ರ 3ನೇ ಅಧ್ಯಾಯ 15ನೇ ವಚನ ತೆಗೆದು ನೋಡಿ. ನಿಮ್ಮ ನಿರೀಕ್ಷೆಗೆ ಆಧಾರವೇನು ಎಂದು ಕೇಳುವವರಿಗೆ ಉತ್ತರ ಕೊಡಲು ಯಾವಾಗಲೂ ಸಿದ್ಧರಾಗಿರಿ, ಅದನ್ನು ಸಾತ್ವಿಕವಾಗಿ ಹೇಳಿ ಎನ್ನುತ್ತದೆ. ಅಲ್ಲಿ ಉತ್ತರ ಎಂಬುದಕ್ಕಿರುವ ಗ್ರೀಕ್ ಮಾತು ಅಪೊಲೊಗಿಯ. ಅದು ಕೋರ್ಟಿನ ಮಾತು, ಆಪಾದನೆಗೆ ಪ್ರತಿವಾದಿ ಕೊಡುವ ಜವಾಬು. ಜವಾಬು ಕೊಡಬೇಕಾದವನು ಎದುರಿನವನನ್ನು ಪ್ರಶ್ನೆಯನ್ನೇ ಹಾಕಬೇಡ ಎಂದು ಬೈದರೆ, ಕಾಗದ ಏನೋ ಸರಿಯಿಲ್ಲ ಅಂತಲೇ ನೋಡುವವರು ತಿಳಿಯುತ್ತಾರೆ.

ಪ್ರಶ್ನೆ ಯಾವುದು ಎಂದು ಮೊದಲು ಕೇಳಿಸಿಕೊಳ್ಳಿ

ನನ್ನ ಮೇಜಿನ ಮುಂದೆ ಬಂದು ಕೂತವರು "ಕ್ರಯಪತ್ರ ಮಾಡಬೇಕು" ಅನ್ನುತ್ತಾರೆ. ಹತ್ತು ನಿಮಿಷ ಮಾತಾಡಿದ ಮೇಲೆ ಅವರಿಗೆ ಬೇಕಾದದ್ದು ವಿಭಾಗಪತ್ರ ಎಂದು ಗೊತ್ತಾಗುತ್ತದೆ. ನಂಬಿಕೆಯ ಪ್ರಶ್ನೆಯೂ ಹೀಗೇ. "ದೇವರು ಇದ್ದಾನೆ ಅನ್ನೋಕೆ ಏನು ಸಾಕ್ಷಿ?" ಎಂದು ಒಬ್ಬ ಕೇಳಿದರೆ ಅದು ತಿಳಿಯುವ ಆಸೆ ಇರಬಹುದು. ಸಭೆಯಲ್ಲಿ ಯಾರೋ ಅವಮಾನ ಮಾಡಿದ ನೋವಿರಬಹುದು. ಹೋದ ತಿಂಗಳು ಅಪ್ಪ ತೀರಿಕೊಂಡಿರಬಹುದು. ಮಾತು ಒಂದೇ, ಒಳಗಿರುವುದು ಬೇರೆ ಬೇರೆ. ಹಾಗಾಗಿ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. "ಇದು ಯಾವಾಗಿಂದ ನಿನ್ನ ತಲೆಯಲ್ಲಿದೆ?" ಮತ್ತೆ, "ಇದಕ್ಕೆ ಉತ್ತರ ಸಿಕ್ಕರೆ ನಿನಗೆ ಏನು ಬದಲಾಗುತ್ತೆ?" ಇವೆರಡಕ್ಕೆ ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಇದನ್ನು ನಾನು ತಪ್ಪು ಮಾಡಿ ಕಲಿತೆ. ಹಿಂದೆ ನಮ್ಮ ಬೀದಿಯಲ್ಲಿ ಒಬ್ಬ ಉಪನ್ಯಾಸಕರಿದ್ದರು. ದೇವರಿಲ್ಲ ಎನ್ನುವವರು, ಒಳ್ಳೆಯ ಓದುಗರು. ಟೀ ಅಂಗಡಿಯಲ್ಲಿ ಒಂದು ಸಂಜೆ ಆರೇಳು ಜನರ ಮುಂದೆ ನಾನು ಅವರ ಮಾತನ್ನು ತುಂಡು ತುಂಡು ಮಾಡಿದೆ. ಸುತ್ತ ಇದ್ದವರು ತಲೆದೂಗಿದರು. ಅವರು ಗ್ಲಾಸು ಇಟ್ಟು, ಕಾಸು ಕೊಟ್ಟು ಎದ್ದು ಹೋದರು. ಆಮೇಲೆ ಅವರು ನನ್ನ ಜೊತೆ ಆ ವಿಷಯ ಮತ್ತೆ ಎತ್ತಲೇ ಇಲ್ಲ. ಅವರ ತಾಯಿ ತೀರಿಕೊಂಡಾಗ ಮನೆಗೆ ಹೋದೆ, "ಬನ್ನಿ, ಕೂತ್ಕೊಳ್ಳಿ" ಎಂಬುದಕ್ಕಿಂತ ಹೆಚ್ಚು ಒಂದು ಮಾತೂ ಬರಲಿಲ್ಲ. ವಚನದಲ್ಲಿ ಸಾತ್ವಿಕವಾಗಿ ಎಂದು ಬರೆದದ್ದನ್ನು ನಾನು ಅಂದು ಬಿಟ್ಟು ಓದಿದ್ದೆ. ಹತ್ತು ಜನರ ಮುಂದೆ ವಾದಕ್ಕೆ ಕರೆದರೆ ಈಗ ಹೋಗುವುದಿಲ್ಲ. "ನಾಳೆ ಬೆಳಿಗ್ಗೆ ಅಂತರಗಂಗೆ ಬೆಟ್ಟದ ಕಡೆ ನಡೆದು ಹೋಗೋಣ, ಮಾತಾಡೋಣ" ಅನ್ನುತ್ತೇನೆ. ಮೆಟ್ಟಿಲು ಹತ್ತುವಾಗ ಇಬ್ಬರಿಗೂ ಏದುಸಿರು ಬರುತ್ತದೆ, ಯಾರೂ ಉದ್ದುದ್ದ ಭಾಷಣ ಮಾಡಲಾಗುವುದಿಲ್ಲ. ಒಳ್ಳೆಯ ಮಾತುಕತೆಗಳು ಅಲ್ಲೇ ಆಗಿವೆ.

ಚಿತ್ತು ಇದ್ದರೆ ಮುಚ್ಚಬೇಡಿ

ನೋಂದಣಿ ಕಾಯ್ದೆ 1908ರದು. ಅದರ 20ನೇ ಕಲಂ ಹೇಳುವುದಿಷ್ಟು: ಪತ್ರದಲ್ಲಿ ಸಾಲಿನ ನಡುವೆ ಸೇರಿಸಿದ್ದು, ಖಾಲಿ ಬಿಟ್ಟದ್ದು, ಅಳಿಸಿದ್ದು, ತಿದ್ದಿದ್ದು ಇದ್ದರೆ, ಬರೆದುಕೊಟ್ಟವರು ಅಲ್ಲಲ್ಲೇ ಸಹಿ ಹಾಕಿ ಒಪ್ಪಿಕೊಂಡಿರಬೇಕು. ಇಲ್ಲದಿದ್ದರೆ ಅಧಿಕಾರಿ ಆ ಪತ್ರ ತಿರಸ್ಕರಿಸಬಹುದು. ಚಿತ್ತಿರುವ ಪತ್ರ ನಡೆಯುತ್ತದೆ. ಚಿತ್ತನ್ನು ಬ್ಲೇಡಿನಿಂದ ಕೆರೆದು ಮುಚ್ಚಿದ ಪತ್ರ ಇಡೀ ವ್ಯವಹಾರವನ್ನೇ ಕೆಡಿಸುತ್ತದೆ. ಇದು ನನ್ನ ಕಸುಬಿನ ಮೊದಲ ಪಾಠ. ಕ್ರೈಸ್ತ ನಂಬಿಕೆಯ ಪರ ಮಾತಾಡುವವರು ಬಹುಮಂದಿ ಎಡವುವುದೂ ಇಲ್ಲೇ.

ಬೈಬಲ್ ಪ್ರತಿಗಳ ವಿಷಯ ತೆಗೆದುಕೊಳ್ಳಿ. "ಮೂಲ ಪ್ರತಿ ಎಲ್ಲಿದೆ?" ಎಂದು ಕೇಳುತ್ತಾರೆ. ಮೂಲ ಪ್ರತಿ ಇಲ್ಲ. ಬೈಬಲ್ಲಿನ ಎಷ್ಟೋ ಪತ್ರಗಳನ್ನು ಬರೆದ ಅಪೊಸ್ತಲ ಪೌಲ ಕೈಯಾರೆ ಸಹಿ ಹಾಕಿದ ಹಾಳೆ ಯಾವುದೂ ಉಳಿದಿಲ್ಲ. ಇದನ್ನು ನೇರವಾಗಿ ಹೇಳಿ. ಉಳಿದಿರುವುದು ನಕಲುಗಳು. ಬೈಬಲ್ಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಗ್ರೀಕ್ ಕೈಬರಹದ ಪ್ರತಿಗಳೇ, ತುಣುಕುಗಳೂ ಸೇರಿ, 5,000ಕ್ಕೂ ಹೆಚ್ಚು ಇವೆ. ಅವುಗಳ ನಡುವೆ ವ್ಯತ್ಯಾಸಗಳು ಲಕ್ಷಗಟ್ಟಲೆ ಇವೆ. ಬಹುಪಾಲು ಕಾಗುಣಿತದ್ದು, ಪದ ಹಿಂದೆ ಮುಂದೆ ಆದದ್ದು. ದೊಡ್ಡವೂ ಇವೆ. ಯೇಸುವಿನ ಜೀವನ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳು, 16ನೇ ಅಧ್ಯಾಯದ 9ರಿಂದ 20, ನಾಲ್ಕನೇ ಶತಮಾನದ ಎರಡು ಮುಖ್ಯ ಪ್ರತಿಗಳಲ್ಲಿ ಇಲ್ಲ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಕಥೆ, ಯೋಹಾನ 7:53ರಿಂದ 8:11, ಅತಿ ಹಳೆಯ ಪ್ರತಿಗಳಲ್ಲಿ ಇಲ್ಲ. ಇವೆರಡನ್ನೂ ನಾನು ಜಗಲಿಯಲ್ಲಿ ಎಲ್ಲರಿಗಿಂತ ಮುಂಚೆ ನಾನೇ ಹೇಳುತ್ತೇನೆ. ನಮ್ಮ ಮಕ್ಕಳು ಇದನ್ನು ಮೊದಲ ಸಲ ವೈರಿಯ ಬಾಯಿಂದ ಕೇಳಬಾರದು.

ಇನ್ನು, ನಕಲುಗಳು ಬೇರೆ ಬೇರೆ ಇದ್ದರೆ ಮೂಲ ಹೇಗೆ ತಿಳಿಯುತ್ತದೆ? ಇಲ್ಲಿ ನನ್ನ ಮೇಜಿನ ಮೇಲೆ ನಡೆದದ್ದನ್ನೇ ಹೇಳುತ್ತೇನೆ. ಮುಳಬಾಗಿಲು ಕಡೆಯ ಒಂದು ಮನೆತನದವರು ಮುತ್ತಾತನ ಕಾಲದ ಪಾಲುಪಟ್ಟಿ ತಂದಿದ್ದರು. ಮೂಲ ಗೆದ್ದಲು ತಿಂದಿತ್ತು. ನಾಲ್ಕು ಕವಲಿನ ನಾಲ್ಕು ಮನೆಗಳಲ್ಲಿ ನಾಲ್ಕು ನಕಲು ಇದ್ದವು. ಒಂದರಲ್ಲಿ ಪಶ್ಚಿಮದ ಎಲ್ಲೆ "ಹೊಂಗೆ ಮರ" ಎಂದಿತ್ತು, ಮೂರರಲ್ಲಿ "ಹುಣಸೆ ಮರ". ಆ ಮೂರರ ಪೈಕಿ ಒಂದರಲ್ಲಿ ಒಂದು ಸಾಲೇ ಬಿಟ್ಟುಹೋಗಿತ್ತು. ಎರಡು ಸಾಲೂ "ಮತ್ತು ಸದರಿ" ಎಂದು ಶುರುವಾಗುತ್ತಿದ್ದವು, ಬರೆದವನ ಕಣ್ಣು ಒಂದರಿಂದ ಇನ್ನೊಂದಕ್ಕೆ ಜಾರಿತ್ತು. ನೆಲದ ಮೇಲೆ ನಾಲ್ಕನ್ನೂ ಹಾಸಿ, ನಾಲ್ಕು ಕವಲಿನವರನ್ನೂ ಕೂರಿಸಿ ಸಾಲು ಸಾಲಾಗಿ ಓದಿದೆವು. ಸಂಜೆಯೊಳಗೆ ಮೂಲದ ಒಕ್ಕಣೆ ಏನಿತ್ತು ಎಂಬುದರಲ್ಲಿ ಯಾರಿಗೂ ತಕರಾರು ಉಳಿಯಲಿಲ್ಲ. ಒಂದೇ ನಕಲು ಇದ್ದಿದ್ದರೆ ವ್ಯತ್ಯಾಸವೇ ಕಾಣುತ್ತಿರಲಿಲ್ಲ, ತಪ್ಪೂ ಸಿಗುತ್ತಿರಲಿಲ್ಲ. ನಾಲ್ಕು ಇದ್ದದ್ದರಿಂದ ಗಲಿಬಿಲಿ, ನಾಲ್ಕು ಇದ್ದದ್ದರಿಂದಲೇ ಪರಿಹಾರ.

ಬೈಬಲ್ ಪ್ರತಿಗಳಲ್ಲೂ ವಿದ್ವಾಂಸರು ಇದೇ ಕೆಲಸ ಮಾಡುತ್ತಾರೆ, ದೇವರನ್ನು ನಂಬದ ವಿದ್ವಾಂಸರೂ ಸೇರಿ. ಹಳೇ ಒಡಂಬಡಿಕೆಗೆ ಒಂದು ದೊಡ್ಡ ಪರೀಕ್ಷೆ 1947ರ ನಂತರ ಆಯಿತು. ಮೃತ ಸಮುದ್ರದ ಪಕ್ಕದ ಕುಮ್ರಾನ್ ಗುಹೆಗಳಲ್ಲಿ ಯೆಶಾಯನ ಪುಸ್ತಕದ ಪೂರ್ತಿ ಸುರುಳಿ ಸಿಕ್ಕಿತು. ಅದು ಕ್ರಿಸ್ತಪೂರ್ವದ್ದು. ಇಂದು ಪೂರ್ತಿಯಾಗಿ ಉಳಿದಿರುವ ಹಳೇ ಒಡಂಬಡಿಕೆಯ ಹೀಬ್ರೂ ಪ್ರತಿಗಳಲ್ಲಿ ಅತಿ ಹಳೆಯದು ಸುಮಾರು ಕ್ರಿ.ಶ. 1008ರದು. ಸಾವಿರಕ್ಕೂ ಹೆಚ್ಚು ವರ್ಷದ ಅಂತರ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರು. ಕಾಗುಣಿತದ, ಪದಗಳ ವ್ಯತ್ಯಾಸ ಸಾಕಷ್ಟು ಸಿಕ್ಕವು. ಪುಸ್ತಕ ಮಾತ್ರ ಅದೇ ಪುಸ್ತಕ. ಇನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಅಂಗೈಯಷ್ಟೇ ದೊಡ್ಡ ಒಂದು ಪಪೈರಸ್ ತುಣುಕು ಇದೆ. ಯೋಹಾನ 18ನೇ ಅಧ್ಯಾಯ, ರೋಮನ್ ಅಧಿಪತಿ ಪಿಲಾತ ಯೇಸುವನ್ನು ವಿಚಾರಿಸುವ ಸಾಲುಗಳು, ಎರಡೂ ಮಗ್ಗುಲಲ್ಲಿ ಇವೆ. ಅಕ್ಷರದ ಶೈಲಿ ನೋಡಿ ಎರಡನೇ ಶತಮಾನದ್ದು ಎನ್ನುತ್ತಾರೆ. ನಮ್ಮ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲಿ ಸಂಪುಟ ಮಾಡಿ ಅಚ್ಚು ಹಾಕಿಸಿದರು. ಕಾಲ ಬರೆಯದ ಶಾಸನಕ್ಕೂ ಅಕ್ಷರ ನೋಡಿಯೇ ಕಾಲ ಹೇಳುವುದು. ಇದು ಬರೀ ಚರ್ಚಿನವರ ಲೆಕ್ಕವಲ್ಲ ಎಂದು ಹುಡುಗರಿಗೆ ತಿಳಿಯಲು ಆ ಉದಾಹರಣೆ ಕೊಡುತ್ತೇನೆ.

ಸುಳ್ಳು ಕಾಗದ ಮಾತ್ರ ಎಂದೂ ಮುಂದಿಡಬೇಡಿ. ಬೈಬಲ್ಲಿನ ಯೆಹೋಶುವನ ಕಾಲದಲ್ಲಿ ಸೂರ್ಯ ನಿಂತು ಕಳೆದುಹೋದ ದಿನವನ್ನು ನಾಸಾದ ಕಂಪ್ಯೂಟರ್ ಕಂಡುಹಿಡಿಯಿತು ಎಂಬ ವಾಟ್ಸಾಪ್ ಸಂದೇಶ ವರ್ಷಕ್ಕೊಮ್ಮೆ ನಮ್ಮ ಸಭೆಯ ಗುಂಪಿಗೂ ಬರುತ್ತದೆ. ಅದು ಸುಳ್ಳು. ಡಾರ್ವಿನ್ ಸಾಯುವಾಗ ತನ್ನ ಸಿದ್ಧಾಂತ ಬಿಟ್ಟು ಕ್ರಿಸ್ತನನ್ನು ನಂಬಿದ ಎಂಬ ಕಥೆಯೂ ಸುಳ್ಳು, ಅವನ ಮಗಳೇ ಅದನ್ನು ಅಲ್ಲಗಳೆದಳು. ಕಳಿಸಿದ ಹಿರಿಯರಿಗೆ ನಾನು ಫೋನು ಮಾಡಿ, "ಅಣ್ಣಾ, ಇದು ನಿಜವಲ್ಲ, ತೆಗೆದುಹಾಕಿ" ಎಂದು ಬೇಡಿಕೊಳ್ಳುತ್ತೇನೆ. ಒಂದು ಕಟ್ಟಿನಲ್ಲಿ ಒಂದು ನಕಲಿ ಕಾಗದ ಸಿಕ್ಕರೆ ಮಿಕ್ಕ ಹತ್ತು ಅಸಲಿ ಕಾಗದಗಳನ್ನೂ ಯಾರೂ ನಂಬುವುದಿಲ್ಲ.

325ರಲ್ಲಿ ಏನಾಯಿತು

ಅಳಿಯನಿಗೆ ಕೊಟ್ಟ ಉತ್ತರ ಇದು. ನೈಸಿಯ ಎಂಬ ಊರಿನಲ್ಲಿ 325ರಲ್ಲಿ ಚಕ್ರವರ್ತಿ ಕಾನ್ಸ್ಟಂಟೈನ್ ಸಭಾಧ್ಯಕ್ಷರನ್ನು (ಬಿಷಪ್ಪರನ್ನು) ಸೇರಿಸಿದ್ದು ನಿಜ. ಅಲ್ಲಿ ಬೈಬಲ್ಲಿಗೆ ಯಾವ ಪುಸ್ತಕ ಸೇರಬೇಕು ಎಂದು ತೀರ್ಮಾನ ಮಾಡಲಿಲ್ಲ. ಆ ಸಭೆ ಹೊರಡಿಸಿದ 20 ನಿಯಮಗಳು ಉಳಿದಿವೆ, ಪುಸ್ತಕಗಳ ಪಟ್ಟಿ ಅವುಗಳಲ್ಲಿಲ್ಲ. ಈಗ ನಮ್ಮಲ್ಲಿರುವ ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಹಾಗೆಯೇ ಸಿಗುವುದು 367ರಲ್ಲಿ ಅಲೆಕ್ಸಾಂಡ್ರಿಯದ ಅಥನಾಸಿಯಸ್ ಬರೆದ ಪತ್ರದಲ್ಲಿ. ಅಷ್ಟರಲ್ಲಿ ನಾಲ್ಕು ಸುವಾರ್ತೆಗಳೂ ಪೌಲನ ಪತ್ರಗಳೂ ಸಭೆಗಳಲ್ಲಿ ಓದಿಸಿಕೊಳ್ಳುತ್ತಾ ತಲೆಮಾರುಗಳೇ ಕಳೆದಿದ್ದವು. ಕೆಲವು ಸಣ್ಣ ಪತ್ರಗಳ ಬಗ್ಗೆ, ಪ್ರಕಟನೆ ಎಂಬ ಕೊನೆಯ ಪುಸ್ತಕದ ಬಗ್ಗೆ ಅನುಮಾನ ಇದ್ದದ್ದೂ ಹೌದು.

ನೈಸಿಯದ ಜಗಳ ಬೇರೆ. ಮಗನು ತಂದೆಯಿಂದ ಉಂಟುಮಾಡಲ್ಪಟ್ಟವನು, ಅವನಿಲ್ಲದ ಕಾಲವೊಂದಿತ್ತು ಎಂದು ಆರಿಯಸ್ ಎಂಬ ಪಾದ್ರಿ ಕಲಿಸುತ್ತಿದ್ದ. ಸಭೆ ಅದನ್ನು ತಳ್ಳಿಹಾಕಿತು. ಯೇಸುವನ್ನು ಆರಾಧಿಸುವುದು ಅಲ್ಲಿ ಶುರುವಾಯಿತು ಅನ್ನುವವರಿಗೆ ಒಂದು ಹೊರಗಿನ ಸಾಕ್ಷಿ ತೋರಿಸಿ. ಸುಮಾರು 112ರಲ್ಲಿ, ನೈಸಿಯಕ್ಕಿಂತ ಇನ್ನೂರು ವರ್ಷ ಮುಂಚೆ, ಬಿಥೂನ್ಯದ ರಾಜ್ಯಪಾಲ ಪ್ಲಿನಿ ಚಕ್ರವರ್ತಿ ಟ್ರಾಜನನಿಗೆ ಪತ್ರ ಬರೆದ. ಅವನು ಕ್ರೈಸ್ತನಲ್ಲ, ಕ್ರೈಸ್ತರನ್ನು ಶಿಕ್ಷಿಸುತ್ತಿದ್ದವನು. ಇವರು ನಿಗದಿಯಾದ ದಿನ ಬೆಳಗಾಗುವ ಮುಂಚೆ ಸೇರಿ, ಕ್ರಿಸ್ತನಿಗೆ ದೇವರಿಗೆಂಬಂತೆ ಹಾಡು ಹಾಡುತ್ತಾರೆ ಎಂದು ವರದಿ ಮಾಡುತ್ತಾನೆ. ಮೇಲೆ ಹೇಳಿದ ಪೇತ್ರನ ಪತ್ರದ ಮೊದಲ ವಚನ ನೋಡಿ, ಯಾರಿಗೆ ಬರೆದದ್ದು ಎಂಬಲ್ಲಿ ಬಿಥೂನ್ಯದ ಹೆಸರೂ ಇದೆ. ಅಳಿಯ ಅದನ್ನು ತಾನೇ ಬೆರಳಿಟ್ಟು ಓದಿದ. ಸ್ವಲ್ಪ ಹೊತ್ತು ಮಾತಾಡಲಿಲ್ಲ.

ತ್ರಿಯೇಕತ್ವ, ಅಂದರೆ ಒಬ್ಬನೇ ದೇವರು ತಂದೆ, ಮಗ, ಪವಿತ್ರಾತ್ಮ ಎಂಬುದನ್ನು ವಿವರಿಸುವಾಗ ನೀರು, ಮಂಜುಗಡ್ಡೆ, ಹಬೆ ಎಂಬ ಹೋಲಿಕೆ ದಯವಿಟ್ಟು ಬಳಸಬೇಡಿ. ಭಾನುವಾರ ಶಾಲೆಯಲ್ಲಿ ನಮಗೂ ಅದನ್ನೇ ಕಲಿಸಿದ್ದರು. ಒಬ್ಬನೇ ಮೂರು ವೇಷ ಹಾಕುತ್ತಾನೆ ಎಂಬ ಅರ್ಥ ಅದರಿಂದ ಬರುತ್ತದೆ. ಮೂರನೇ ಶತಮಾನದಲ್ಲೇ ಸಬೆಲ್ಲಿಯಸ್ ಹಾಗೆ ಕಲಿಸಿ ಸಭೆಯಿಂದ ಹೊರಬಿದ್ದ. ಹಾಗಾದರೆ ಯೊರ್ದನಿನಲ್ಲಿ ದೀಕ್ಷಾಸ್ನಾನವಾದಾಗ ಮಗ ನೀರಿನಲ್ಲಿ, ತಂದೆಯ ಧ್ವನಿ ಆಕಾಶದಲ್ಲಿ ಹೇಗೆ ಎಂದು ಒಬ್ಬ ಬುದ್ಧಿವಂತ ಹುಡುಗಿ ಕೇಳಿದರೆ ನಿಮ್ಮ ಹೋಲಿಕೆ ಅಲ್ಲೇ ಮುರಿಯುತ್ತದೆ. ನನ್ನ ಜಗಲಿಯಲ್ಲಿ ಕೇಳಿದ್ದಾಳೆ.

ನಾನು ಚಕ್ಕುಬಂದಿ ಹೇಳುತ್ತೇನೆ. ಪತ್ರದಲ್ಲಿ ಜಮೀನಿನ ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು ಎಂದು ಬರೆಯುತ್ತೇವೆ. ಒಳಗೆ ಮಣ್ಣು ಎಂಥದು, ರಾಗಿ ಎಷ್ಟು ಬೆಳೆಯುತ್ತದೆ, ಮಳೆ ಬಿದ್ದಾಗ ವಾಸನೆ ಹೇಗೆ, ಇದೆಲ್ಲ ಚಕ್ಕುಬಂದಿಯಲ್ಲಿ ಬರುವುದಿಲ್ಲ. ಈ ಗೆರೆ ದಾಟಿದರೆ ನೀನು ಬೇರೆಯವರ ಜಮೀನಿನಲ್ಲಿದ್ದೀಯ ಎಂದಷ್ಟೇ ಅದು ಹೇಳುತ್ತದೆ. ಸಭೆಯ ವಿಶ್ವಾಸ ಪ್ರಮಾಣವೂ ಹಾಗೆ. ದೇವರು ಒಬ್ಬನೇ, ಧರ್ಮೋಪದೇಶಕಾಂಡ 6:4. ತಂದೆ ದೇವರು, ಮಗ ದೇವರು, ಪವಿತ್ರಾತ್ಮ ದೇವರು. ತಂದೆಯೇ ಮಗನಲ್ಲ, ಮಗನೇ ಆತ್ಮನಲ್ಲ. ಮೂವರು ದೇವರುಗಳಿಲ್ಲ. ಇಷ್ಟು ಎಲ್ಲೆ. ಒಳಗಿನ ಭೂಮಿ ನಮ್ಮ ಅಳತೆಗೆ ಪೂರ್ತಿ ಸಿಗದು ಎಂದು ಹೇಳಲು ನಾಚಿಕೆ ಪಡಬೇಕಾಗಿಲ್ಲ.

ಎದ್ದು ಬಂದನೇ?

ಸತ್ತ ಯೇಸು ಮತ್ತೆ ಜೀವಂತನಾಗಿ ಎದ್ದನೇ? ಎಲ್ಲ ಪ್ರಶ್ನೆಗಳ ಬೇರು ಇಲ್ಲಿದೆ. ಕ್ರಿಸ್ತನು ಎದ್ದಿಲ್ಲವಾದರೆ ನಮ್ಮ ನಂಬಿಕೆ ವ್ಯರ್ಥ ಎಂದು ಪೌಲನೇ ಬರೆದಿದ್ದಾನೆ. ಸುತ್ತಿ ಬಳಸಿ ಮಾತಾಡುವುದಕ್ಕಿಂತ ಇಲ್ಲಿಗೇ ಬೇಗ ಬನ್ನಿ.

ಯೇಸು ಎಂಬುವನು ಇರಲೇ ಇಲ್ಲ ಎನ್ನುವವರ ಜೊತೆ ಬಹಳ ಹೊತ್ತು ಕಳೆಯಬೇಕಾಗಿಲ್ಲ. ಸುಮಾರು 116ರಲ್ಲಿ ಬರೆದ ರೋಮನ್ ಇತಿಹಾಸಕಾರ ಟ್ಯಾಸಿಟಸ್, ಕ್ರಿಸ್ತನಿಗೆ ತಿಬೇರಿಯನ ಆಳ್ವಿಕೆಯಲ್ಲಿ ಪೊಂತ್ಯ ಪಿಲಾತನಿಂದ ಮರಣದಂಡನೆಯಾಯಿತು ಎನ್ನುತ್ತಾನೆ, ಕ್ರೈಸ್ತರ ಮೇಲೆ ತಿರಸ್ಕಾರದಿಂದಲೇ. ಯೆಹೂದ್ಯ ಇತಿಹಾಸಕಾರ ಜೋಸಿಫಸ್ ಸುಮಾರು 93ರಲ್ಲಿ, ಕ್ರಿಸ್ತನೆನಿಸಿಕೊಂಡ ಯೇಸುವಿನ ತಮ್ಮ ಯಾಕೋಬನ ಕೊಲೆಯನ್ನು ಹೇಳುತ್ತಾನೆ. ಅದೇ ಜೋಸಿಫಸನ ಇನ್ನೊಂದು ಕಡೆ ಯೇಸುವನ್ನು ಹೊಗಳುವ ಸಾಲುಗಳಿವೆ. ಅಲ್ಲಿ ಕ್ರೈಸ್ತ ನಕಲುಗಾರರು ಕೈಯಾಡಿಸಿದ್ದಾರೆ, ಅದನ್ನು ಸಾಕ್ಷಿಯಾಗಿ ಮುಂದಿಡಬೇಡಿ. 1961ರಲ್ಲಿ ಕೈಸರೈಯದಲ್ಲಿ ಪಿಲಾತನ ಹೆಸರು ಕೆತ್ತಿದ ಕಲ್ಲೂ ಸಿಕ್ಕಿದೆ.

ಪುನರುತ್ಥಾನಕ್ಕೆ ಬಂದರೆ, ಮೊದಲು ತೆರೆಯಬೇಕಾದ್ದು ಒಂದನೆಯ ಕೊರಿಂಥ 15ನೇ ಅಧ್ಯಾಯ, 3ರಿಂದ 8. ಪೌಲ ಇದನ್ನು ಬರೆದದ್ದು ಸುಮಾರು 55ರಲ್ಲಿ. ಶಿಲುಬೆಯ ಘಟನೆಯಾಗಿ ಇಪ್ಪತ್ತು ಇಪ್ಪತ್ತೈದು ವರ್ಷ. ನಾನು ಹೊಂದಿದ್ದನ್ನೇ ನಿಮಗೆ ಒಪ್ಪಿಸಿಕೊಟ್ಟೆ ಎಂದು ಶುರುಮಾಡುತ್ತಾನೆ. ಅಂದರೆ ಮಾತು ಅವನಿಗಿಂತ ಹಳೆಯದು. ಎದ್ದ ಯೇಸುವನ್ನು ಕಂಡವರು ಕೇಫ (ಅಂದರೆ ಪೇತ್ರ), ಹನ್ನೆರಡು ಮಂದಿ, ಐನೂರಕ್ಕೂ ಹೆಚ್ಚು ಸಹೋದರರು, ಯಾಕೋಬ ಎಂದು ಪಟ್ಟಿ ಕೊಟ್ಟು, ಐನೂರರಲ್ಲಿ ಬಹುಮಂದಿ ಇನ್ನೂ ಬದುಕಿದ್ದಾರೆ ಎಂದು ಸೇರಿಸುತ್ತಾನೆ. ಸಾಕ್ಷಿದಾರರು ಬದುಕಿರುವಾಗ ಅವರ ಹೆಸರು ಹಾಕಿ ಪತ್ರ ಮಾಡುವುದು ಎಂದರೆ ಏನು ಎಂಬುದು ನನ್ನ ಕಸುಬಿನವರಿಗೆ ಗೊತ್ತು. ಯಾರು ಬೇಕಾದರೂ ಹೋಗಿ ಕೇಳಬಹುದು. ಪೌಲ ತಾನೇ ಹೋಗಿ ಕೇಳಿದ್ದಾನೆ. ಗಲಾತ್ಯ 1ನೇ ಅಧ್ಯಾಯದಲ್ಲಿ, ಯೆರೂಸಲೇಮಿಗೆ ಹೋಗಿ ಕೇಫನ ಜೊತೆ ಹದಿನೈದು ದಿನ ಇದ್ದೆ, ಕರ್ತನ ತಮ್ಮ ಯಾಕೋಬನನ್ನೂ ಕಂಡೆ ಎನ್ನುತ್ತಾನೆ.

ಆ ಯಾಕೋಬನನ್ನು ಗಮನಿಸಿ. ಯೇಸು ಬದುಕಿದ್ದಾಗ ತಮ್ಮಂದಿರು ನಂಬಲಿಲ್ಲ ಎಂದು ಯೋಹಾನ 7:5 ಒಪ್ಪಿಕೊಳ್ಳುತ್ತದೆ. ಅಂಥವನು ಆಮೇಲೆ ಯೆರೂಸಲೇಮಿನ ಸಭೆಯ ಮುಖ್ಯಸ್ಥನಾದ, 62ರ ಸುಮಾರಿಗೆ ಕಲ್ಲೆಸೆತಕ್ಕೆ ಬಲಿಯಾದ. ಒಡಹುಟ್ಟಿದವನನ್ನು ದೇವರು ಎಂದು ಒಪ್ಪುವುದು ಎಷ್ಟು ಕಷ್ಟ ಎಂದು ಅಣ್ಣ ತಮ್ಮಂದಿರ ವಿಭಾಗಪತ್ರ ಬರೆದವನಾಗಿ ನಾನು ಬಲ್ಲೆ.

ಸಮಾಧಿಯ ಹತ್ತಿರ ಮೊದಲು ಹೋದವರು ಹೆಂಗಸರು. ಹೆಂಗಸರ ಸಾಕ್ಷಿಯನ್ನು ಒಪ್ಪಬಾರದು ಎಂದು ಅದೇ ಜೋಸಿಫಸ್ ಬರೆದ ಕಾಲವದು. ಕಥೆ ಕಟ್ಟುವವನು ಪೇತ್ರನನ್ನೋ ಯೋಹಾನನನ್ನೋ ಮೊದಲು ಕಳಿಸುತ್ತಿದ್ದ. ನಾಲ್ಕು ಸುವಾರ್ತೆಗಳೂ ಮಗ್ದಲದ ಮರಿಯಳನ್ನು ಬಿಡುವುದಿಲ್ಲ.

"ನಾಲ್ಕರಲ್ಲೂ ವಿವರ ಬೇರೆ ಬೇರೆ ಇದೆಯಲ್ಲ?" ಎಂದು ಕೇಳುತ್ತಾರೆ. ಇದೆ. ಹೋದ ಹೆಂಗಸರು ಎಷ್ಟು, ಕಂಡ ದೂತರು ಒಬ್ಬನೋ ಇಬ್ಬರೋ, ವ್ಯತ್ಯಾಸ ಇದೆ. ಎಲ್ಲವನ್ನೂ ಎಳೆದು ಜೋಡಿಸಲು ನಾನು ಹೋಗುವುದಿಲ್ಲ. ನಾಲ್ಕು ಸಾಕ್ಷಿದಾರರು ಅಕ್ಷರಕ್ಷರ ಒಂದೇ ಹೇಳಿದರೆ ವಕೀಲರು ಮೊದಲು ಕೇಳುವುದು, ಯಾರು ಹೇಳಿಕೊಟ್ಟದ್ದು ಎಂದು. ಸಮಾಧಿ ಖಾಲಿ, ಹೆಂಗಸರು ಮೊದಲು, ಮೂರನೆಯ ದಿನ, ಈ ತಿರುಳಿನಲ್ಲಿ ನಾಲ್ವರೂ ಒಂದಾಗಿದ್ದಾರೆ.

ಇದೆಲ್ಲ ಸೇರಿ ಗಣಿತದ ಲೆಕ್ಕದಂಥ ರುಜುವಾತು ಆಗುತ್ತದೆಯೇ? ಇಲ್ಲ. ಹಾಗೆಂದು ಹೇಳಿಬಿಡಿ. ಸತ್ತವರು ಏಳುವುದಿಲ್ಲ ಎಂಬುದು ಅಂದಿನ ಜನಕ್ಕೂ ಚೆನ್ನಾಗಿ ಗೊತ್ತಿತ್ತು, ಶಿಷ್ಯ ತೋಮನೇ ಕಣ್ಣಾರೆ ಕಾಣದೆ ನಂಬುವುದಿಲ್ಲ ಎಂದ. ದೇವರೇ ಇಲ್ಲ ಎಂದು ಮೊದಲೇ ತೀರ್ಮಾನಿಸಿದವನಿಗೆ ಯಾವ ಸಾಕ್ಷಿಯೂ ಸಾಲದು. ದೇವರು ಇರಬಹುದು ಎಂದು ಬಾಗಿಲು ಚೂರು ತೆರೆದವನಿಗೆ ಈ ಸಾಕ್ಷಿ ಭಾರವಾದದ್ದು. ಶಿಷ್ಯರು ಯಾಕೆ ಬದಲಾದರು, ಮೊದಲು ಸಭೆಯನ್ನು ಹಿಂಸಿಸುತ್ತಿದ್ದ ಪೌಲ ಯಾಕೆ ಬದಲಾದ, ಯಾಕೋಬ ಯಾಕೆ ಬದಲಾದ ಎಂಬುದಕ್ಕೆ ನಿನ್ನ ವಿವರಣೆ ಏನು ಎಂದು ಅವನನ್ನೇ ಕೇಳಿ, ಅವನ ಉತ್ತರವನ್ನು ತೂಗಿ ನೋಡಿ. ನಾನು ತೂಗಿ ನೋಡಿದ್ದೇನೆ. ಅದಕ್ಕೇ ಇವತ್ತೂ ನಂಬುತ್ತೇನೆ.

ವಿಜ್ಞಾನದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ವಿಶ್ವ ಹಿಗ್ಗುತ್ತಿದೆ, ಅದಕ್ಕೊಂದು ಆರಂಭವಿತ್ತು ಎಂಬ ವಾದವನ್ನು 1927ರಿಂದ 1931ರ ನಡುವೆ ಮಂಡಿಸಿದ ಜಾರ್ಜ್ ಲೆಮೆತ್ರ್ ಬೆಲ್ಜಿಯಂನ ಕಥೋಲಿಕ ಪಾದ್ರಿ. ಬಟಾಣಿ ಗಿಡದಿಂದ ಅನುವಂಶಿಕತೆಯ ನಿಯಮ ತೋರಿಸಿದ ಮೆಂಡೆಲ್ ಮಠದ ಸನ್ಯಾಸಿ. ಗೆಲಿಲಿಯೋವನ್ನು 1633ರಲ್ಲಿ ಚರ್ಚು ಶಿಕ್ಷಿಸಿದ್ದು ತಪ್ಪು, ಅದನ್ನು ಸಮರ್ಥಿಸಬೇಡಿ. ಆದಿಕಾಂಡದ ದಿನಗಳು 24 ಗಂಟೆಯವೋ ಅಲ್ಲವೋ ಎಂಬುದರಲ್ಲಿ ನಂಬುವವರೊಳಗೇ ಭಿನ್ನಾಭಿಪ್ರಾಯವಿದೆ. ಜೀವಶಾಸ್ತ್ರ ಓದದೆ ಜೀವವಿಕಾಸದ ಮೇಲೆ ಭಾಷಣ ಮಾಡಬೇಡಿ. ನಿಮ್ಮೆದುರು ಕೂತ ಹುಡುಗಿ ಬಿ.ಎಸ್ಸಿ. ಓದುತ್ತಿರುತ್ತಾಳೆ.

ಅಕ್ಕಿಗೆ ಬಂದವರು

ನಮ್ಮ ಕಡೆ ಎಲ್ಲಕ್ಕಿಂತ ಚುಚ್ಚುವ ಮಾತು ಇದು. "ನಿಮ್ಮ ಹಿರಿಯರು ಅಕ್ಕಿ ಕೊಟ್ಟರು ಅಂತ ಮತ ಬಿಟ್ಟವರು. ಇದು ಬಿಳಿಯರ ಧರ್ಮ." ಕೋಪ ಬರುತ್ತದೆ. ಕೋಪ ಇಳಿಯುವವರೆಗೆ ಬಾಯಿ ತೆರೆಯಬೇಡಿ.

ಬಿಳಿಯರ ಧರ್ಮ ಎಂಬುದಕ್ಕೆ ಉತ್ತರ ಸುಲಭ. ಯೇಸು ಹುಟ್ಟಿದ್ದು ಏಷ್ಯದಲ್ಲಿ. ಅಪೊಸ್ತಲರ ಕೃತ್ಯಗಳು 8ರಲ್ಲಿ ದೀಕ್ಷಾಸ್ನಾನ ಪಡೆದವನು ಐಥಿಯೋಪ್ಯದವನು. ಇಂಗ್ಲಿಷರು ಭಾರತಕ್ಕೆ ಬರುವುದಕ್ಕೆ ಶತಮಾನಗಳ ಮುಂಚೆ ಕೇರಳದಲ್ಲಿ ಸಭೆಗಳಿದ್ದವು. ಪರದೇಶದಿಂದ ಬಂದ ಕಿಟ್ಟೆಲ್ 1894ರಲ್ಲಿ ಕನ್ನಡಕ್ಕೆ ನಿಘಂಟು ಕೊಟ್ಟರು. ಆದರೆ ಅದನ್ನು ಹೆಮ್ಮೆಯ ಗುರಾಣಿಯಾಗಿ ಹಿಡಿಯಬೇಡಿ, ಪರಂಗಿಯವರ ಆಳ್ವಿಕೆಯಲ್ಲಿ ಆದ ಅನ್ಯಾಯವೂ ಅಷ್ಟೇ ನಿಜ.

ಅಕ್ಕಿಯ ಮಾತಿಗೆ ನಾನು ನಮ್ಮ ಮನೆಯ ಕಥೆಯನ್ನೇ ಹೇಳುತ್ತೇನೆ. 1876ರಿಂದ 78ರವರೆಗೆ ಮೈಸೂರು ಸೀಮೆಯಲ್ಲಿ ಭೀಕರ ಬರಗಾಲ. ಕೋಲಾರದಲ್ಲಿ ಮಿಷನ್ನಿನವರು ಅನಾಥ ಮಕ್ಕಳಿಗೆ ಆಶ್ರಯ ಕೊಟ್ಟರು. ನಮ್ಮ ಮುತ್ತಜ್ಜಿಯ ತಾಯಿ ಆ ಮಕ್ಕಳಲ್ಲಿ ಒಬ್ಬಳು. ಅಪ್ಪ ಅಮ್ಮ ದಾರಿಯಲ್ಲೇ ಸತ್ತಿದ್ದರು. ಅವಳಿಗೆ ಆರೋ ಏಳೋ ವರ್ಷ. ಗಂಜಿ ಕೊಟ್ಟರು, ಕುಡಿದಳು. ಹೌದು, ಅನ್ನ ಕೊಟ್ಟರು ಅಂತಲೇ ಅಲ್ಲಿ ಉಳಿದಳು. ಹಸಿದ ಮಗು ಅದು. ಯಾರೂ ಕೊಡದಿದ್ದಾಗ ಅವರು ಕೊಟ್ಟರು. ಆ ಗಂಜಿ ಇಲ್ಲದಿದ್ದರೆ ನಾನು ಇಲ್ಲಿ ಕೂತು ನಿಮ್ಮ ಜಮೀನಿನ ಪತ್ರ ಬರೆಯುತ್ತಿರಲಿಲ್ಲ. ನೂರೈವತ್ತು ವರ್ಷವಾಯಿತು, ಈಗ ನಮಗೆ ಯಾರೂ ಅಕ್ಕಿ ಕೊಡುವುದಿಲ್ಲ, ಆದರೂ ಭಾನುವಾರ ಹೋಗುತ್ತೇವೆ. ಇಷ್ಟು ಹೇಳಿ ನಿಲ್ಲಿಸುತ್ತೇನೆ. ಇದನ್ನು ಕೇಳಿದ ಮೇಲೆ ಅದೇ ಮಾತನ್ನು ನನಗೆ ಎರಡನೇ ಸಲ ಹೇಳಿದವರು ಇಲ್ಲ.

"ನಿಮ್ಮಲ್ಲಿ ಜಾತಿ ಇಲ್ಲವೇ?" ಎಂದರೆ, ಇರಬಾರದು, ಆದರೆ ಇದೆ. ಹೆಣ್ಣು ನೋಡುವಾಗ, ಸಮಾಧಿ ಜಾಗದ ವಿಷಯ ಬಂದಾಗ ತಲೆ ಎತ್ತುತ್ತದೆ. ಅದು ಸುವಾರ್ತೆಗೆ ವಿರುದ್ಧ ಎಂದು ಹೇಳಿ, ತಪ್ಪು ಒಪ್ಪಿಕೊಳ್ಳಿ.

ಅಳುವವರ ಮುಂದೆ

2021ರ ಮೇ ತಿಂಗಳಲ್ಲಿ ನಮ್ಮ ಸಭೆಯ ಒಬ್ಬ ಅಕ್ಕ ಮಗನನ್ನು ಕಳೆದುಕೊಂಡರು. ಇಪ್ಪತ್ತೊಂಬತ್ತು ವರ್ಷ, ಹಾಸಿಗೆ ಸಿಗಲಿಲ್ಲ. "ನಾನು ಏನು ಮಾಡಿದ್ದೆ? ದೇವರು ನೋಡ್ತಾ ಇದ್ದನಾ?" ಎಂದು ಫೋನಿನಲ್ಲಿ ಕೇಳಿದರು. ನಾನು ರೋಮಾಪುರದ ಪತ್ರದಿಂದ, ಎಲ್ಲವೂ ಒಳ್ಳೆಯದಕ್ಕೇ ಅನುಕೂಲವಾಗುತ್ತವೆ ಎಂಬ ವಚನ ಹೇಳಿದೆ. ಆ ಕಡೆ ಮೌನ. ಆಮೇಲೆ ಫೋನು ಇಟ್ಟರು. ವಚನ ನಿಜ, ಆ ಗಳಿಗೆಯಲ್ಲಿ ಅದನ್ನು ಹೇಳಿದ ನಾನು ತಪ್ಪು.

ಬೈಬಲ್ಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಮೊದಲ ಏಳು ದಿನ ನೆಲದ ಮೇಲೆ ಅವನ ಜೊತೆ ಸುಮ್ಮನೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದು ದೇವರ ಪರವಾಗಿ ವಾದಿಸಿದ ಮೇಲೆ, ಕೊನೆಗೆ ದೇವರೇ ಅವರ ಮೇಲೆ ಕೋಪಗೊಂಡ. ದೂರು ಹೇಳಿದ ಯೋಬನನ್ನು ಮೆಚ್ಚಿಕೊಂಡ. ಆ ಡಿಸೆಂಬರಿನಲ್ಲಿ ಅಕ್ಕನ ಮನೆಗೆ ಹೋದಾಗ ಬೈಬಲ್ ಚೀಲದಿಂದ ತೆಗೆಯಲಿಲ್ಲ. ಅವರು ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಾನೂ ಮೊರದ ಈಚೆ ಕೂತು ಸುಲಿದೆ. ಬೆರಳಿಗೆಲ್ಲ ಸೊಗಡು ಅಂಟಿತು. ಮಗನಿಗೆ ಹಿತಕಿದ ಬೇಳೆ ಸಾರು ಎಷ್ಟು ಇಷ್ಟ ಎಂದು ಒಂದು ಗಂಟೆ ಹೇಳಿದರು. ಏಳುವ ಹೊತ್ತಿಗೆ, "ಏನಾದರೂ ಓದು" ಅಂದರು. ಕೀರ್ತನೆ 88 ಓದಿದೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಸಾಲು ಕೊನೆಗೂ ಬರುವುದಿಲ್ಲ. "ಇದೂ ಬೈಬಲ್ನಲ್ಲಿದೆಯಾ?" ಎಂದು ಕೇಳಿದರು.

ಕೇಡು ಯಾಕೆ ಎಂಬುದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಮನುಷ್ಯನ ಸ್ವಾತಂತ್ರ್ಯದ ವಾದ ಯುದ್ಧಕ್ಕೆ, ಕೊಲೆಗೆ ಸ್ವಲ್ಪ ಮಟ್ಟಿಗೆ ಹೊಂದುತ್ತದೆ, ಮಗುವಿನ ಕಾಯಿಲೆಗೆ ಹೊಂದುವುದಿಲ್ಲ. ನಾನು ಹೇಳಬಲ್ಲದ್ದು ಇದು: ನನ್ನ ದೇವರೇ, ಯಾಕೆ ಕೈಬಿಟ್ಟಿ ಎಂದು ಶಿಲುಬೆಯ ಮೇಲೆ ಕೂಗಿದವನನ್ನು ನಾವು ದೇವರು ಎನ್ನುತ್ತೇವೆ. ಆ ಅಕ್ಕ ಕೇಳಿದ್ದನ್ನೇ ಅವನೂ ಕೇಳಿದ್ದಾನೆ.

ಜಗಲಿಯ ವ್ಯವಸ್ಥೆ

ನಿಮ್ಮಲ್ಲೂ ಇಂಥ ಕೂಟ ಶುರುಮಾಡುವುದಾದರೆ ಒಂದು ನೂರು ಹಾಳೆಯ ನೋಟ್‌ಬುಕ್ ಇಡಿ. ಕೇಳಿದವರ ಹೆಸರು ಬೇಡ, ಪ್ರಶ್ನೆ ಮಾತ್ರ, ಅವರದೇ ಮಾತಿನಲ್ಲಿ, ತಾರೀಕು ಹಾಕಿ. ಉತ್ತರ ಗೊತ್ತಿಲ್ಲದಿದ್ದರೆ, "ಗೊತ್ತಿಲ್ಲ, ಮುಂದಿನ ವಾರ ನೋಡಿಕೊಂಡು ಬರ್ತೀನಿ" ಎಂದು ಅವರ ಮುಂದೆಯೇ ಷರಾ ಬರೆಯಿರಿ, ಮತ್ತೆ ನಿಜವಾಗಿ ನೋಡಿಕೊಂಡು ಬನ್ನಿ. ಎದುರು ಪಕ್ಷದವರ ವಾದವನ್ನು ಅವರು ಒಪ್ಪುವಂತೆ ಹೇಳಬಲ್ಲವರಾದ ಮೇಲೆಯೇ ಅದಕ್ಕೆ ಉತ್ತರ ಹೇಳಿ. ಒಂದು ವಚನವನ್ನು ಒಂಟಿಯಾಗಿ ಎತ್ತಬೇಡಿ, ಅಧ್ಯಾಯ ಪೂರ್ತಿ ಓದಿಸಿ. ಟೀ ಜೊತೆ ಏನಾದರೂ ತಿನ್ನಲು ಇಡಿ, ಪಾಳಿ ಮುಗಿಸಿ ಬಂದ ಹುಡುಗರು ಹಸಿದಿರುತ್ತಾರೆ.

ಅಳಿಯನ ಹೆಸರಿಲ್ಲದಿದ್ದರೂ ಅವನ ಅಕ್ಷರ ನನಗೆ ಗೊತ್ತು. ನೋಟ್‌ಬುಕ್ಕಿನಲ್ಲಿ ಅವನವು ಒಂಬತ್ತು ಪ್ರಶ್ನೆ. ಆರಕ್ಕೆ ಉತ್ತರ ಬರೆದಾಗಿದೆ, ಎರಡಕ್ಕೆ ಅರ್ಧ. ಒಂಬತ್ತನೆಯದು, ಕಾನಾನಿನ ಜನರನ್ನು ಹೆಂಗಸರು ಮಕ್ಕಳೆನ್ನದೆ ಕೊಲ್ಲಲು ದೇವರು ಹೇಗೆ ಅಪ್ಪಣೆ ಕೊಟ್ಟ ಎಂಬುದು. ಎಲ್ಲಕ್ಕಿಂತ ಕಷ್ಟದ್ದು. ಯೆಹೋಶುವ 6ರಿಂದ 11ರವರೆಗೆ, ಆಮೇಲೆ ಕಾನಾನ್ಯರು ಇನ್ನೂ ಅಲ್ಲೇ ಇದ್ದಾರೆ ಎನ್ನುವ ನ್ಯಾಯಸ್ಥಾಪಕರು 1ನೇ ಅಧ್ಯಾಯ, ಎರಡನ್ನೂ ಪಕ್ಕಪಕ್ಕ ಇಟ್ಟು ಓದಿಕೊಂಡು ಬಾ ಎಂದಿದ್ದೇನೆ. ನಾನೂ ಓದುತ್ತಿದ್ದೇನೆ. ಈ ಶನಿವಾರ ಅವನಿಗೆ ಎರಡನೇ ಪಾಳಿ, ಆದ್ದರಿಂದ ಭಾನುವಾರ ಆರಾಧನೆ ಮುಗಿದ ಮೇಲೆ ಕೂರುತ್ತೇವೆ.